ಮಣ್ಣಿನ ಮೇಷ್ಟ್ರು, ಆಕಾಶದ ರೈಲು

ಅನಿಮೆ ನೋಡುವವರು ನಮ್ಮ ಹಾಸ್ಟೆಲ್‌ನ ಪ್ರತಿ ಫ್ಲೋರಿನಲ್ಲೂ ಸಿಗ್ತಾರೆ. ನಕ್ಷತ್ರಗಳ ನಡುವೆ ರೈಲು ಓಡುವ ದೃಶ್ಯವನ್ನು ನೀವೂ ಎಲ್ಲಾದರೂ ನೋಡಿರ್ತೀರಿ. 'ಗ್ಯಾಲಕ್ಸಿ ಎಕ್ಸ್‌ಪ್ರೆಸ್ 999' ನೋಡಿದವರಿಗಂತೂ ಅದು ಮರೆಯೋದಿಲ್ಲ. ಆದರೆ ಆ ರೈಲನ್ನು ಮೊದಲು ಆಕಾಶಕ್ಕೆ ಹತ್ತಿಸಿದವರು ಸಿನಿಮಾದವರಲ್ಲ. ಮಣ್ಣಿನ ವಿಜ್ಞಾನ ಓದಿ, ಕೃಷಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಒಬ್ಬ ಮೇಷ್ಟ್ರು. ಅವರ ಹೆಸರು ಕೆಂಜಿ ಮಿಯಾಜಾವಾ.

ಇವತ್ತು ಜಪಾನಿನ ಶಾಲೆಗಳಲ್ಲಿ ಅವರ ಕಥೆಗಳು ಪಾಠವಾಗಿವೆ. ಸುಮಾರು 100 ಮಕ್ಕಳ ಕಥೆಗಳು, ನೂರಾರು ಕವಿತೆಗಳನ್ನು ಬರೆದವರು ಅವರು. ಆದರೆ ಬದುಕಿದ್ದ 37 ವರ್ಷಗಳಲ್ಲಿ ಬರವಣಿಗೆಯಿಂದ ಅವರಿಗೆ ಸಿಕ್ಕ ಸಂಭಾವನೆ ಒಂದೇ ಸಲ, ಅದೂ ಬರೀ 5 ಯೆನ್ ಅಂತ ಹೇಳ್ತಾರೆ. ಅವರ ಹೆಚ್ಚಿನ ಕಥೆಗಳು ಅವರು ಸತ್ತಾಗ ಅಚ್ಚಾಗದೆ ಕಟ್ಟುಕಟ್ಟಾಗಿ ಮನೆಯಲ್ಲೇ ಬಿದ್ದಿದ್ದವು.

ಎಂಜಿನಿಯರಿಂಗ್ ಓದುತ್ತಿರುವ ನಮಗೆ ಈ ಮನುಷ್ಯ ಯಾಕೆ ಬೇಕು? ನನಗೆ ಅನಿಸೋದು ಇಷ್ಟು. ಅವರು ಹಗಲು ವಿಜ್ಞಾನ, ರಾತ್ರಿ ಸಾಹಿತ್ಯ ಅಂತ ಎರಡು ಜೀವನ ನಡೆಸಲಿಲ್ಲ. ಗೊಬ್ಬರದ ಲೆಕ್ಕ ಹಾಕುವಾಗಲೂ ಕಥೆ ಬರೆಯುವಾಗಲೂ ಅವರ ತಲೆಯಲ್ಲಿದ್ದದ್ದು ಒಂದೇ ಚಿಂತೆ: ನಾನು ಓದಿದ್ದು ಹಸಿದವನಿಗೆ ಹೇಗೆ ತಲುಪಬೇಕು?

ಗಿರವಿ ಅಂಗಡಿಯ ಹುಡುಗ

ಜಪಾನಿನ ದೊಡ್ಡ ದ್ವೀಪವಾದ ಹೊನ್ಶುವಿನ ಈಶಾನ್ಯ ಭಾಗದಲ್ಲಿ ಇವಾಟೆ ಅನ್ನೋ ಪ್ರಾಂತ್ಯ ಇದೆ. ಅಲ್ಲಿನ ಹನಮಾಕಿ ಎಂಬ ಊರಿನಲ್ಲಿ 1896ರ ಆಗಸ್ಟ್ 27ರಂದು ಕೆಂಜಿ ಹುಟ್ಟಿದರು. ಆ ವರ್ಷ ಇವಾಟೆಗೆ ಕೆಟ್ಟ ವರ್ಷ. ಜೂನ್ 15ರಂದು ಬಂದ ಸುನಾಮಿ ಆ ಕರಾವಳಿಯಲ್ಲಿ ಸುಮಾರು 22,000 ಜನರನ್ನು ನುಂಗಿತ್ತು. ಕೆಂಜಿ ಹುಟ್ಟಿ ನಾಲ್ಕೇ ದಿನಕ್ಕೆ ಒಳನಾಡಿನಲ್ಲೂ ದೊಡ್ಡ ಭೂಕಂಪ ಆಯಿತು.

ಇದಕ್ಕಿಂತ ದೊಡ್ಡ ಕಷ್ಟ ಅಂದ್ರೆ ಚಳಿ. ಬೇಸಿಗೆಯಲ್ಲೂ ಸಮುದ್ರದ ಕಡೆಯಿಂದ ತಣ್ಣನೆ ಗಾಳಿ ಬೀಸಿದರೆ ಭತ್ತ ಕಾಳು ಕಟ್ಟುತ್ತಿರಲಿಲ್ಲ. ಗಿಡ ಹಸಿರಾಗಿ ನಿಂತಿರುತ್ತೆ, ತೆನೆ ಮಾತ್ರ ಜೊಳ್ಳು. ನಮ್ಮ ಕಡೆ ಬರ ಅಂದರೆ ಮಳೆ ಇಲ್ಲದ್ದು, ಅವರ ಕಡೆ ಬರ ಅಂದರೆ ಬಿಸಿಲು ಇಲ್ಲದ್ದು. 1902ರಲ್ಲಿ, ಮತ್ತೆ 1905ರಲ್ಲಿ ಹೀಗೇ ಬೆಳೆ ಹೋಯಿತು.

ಕೆಂಜಿಯ ತಂದೆ ಮಸಾಜಿರೋ ಅವರದ್ದು ಗಿರವಿ ಅಂಗಡಿ, ಜೊತೆಗೆ ಹಳೇ ಬಟ್ಟೆ ವ್ಯಾಪಾರ. ಮನೆಗೆ ಏನೂ ಕಮ್ಮಿ ಇರಲಿಲ್ಲ. ಆದರೆ ಬೆಳೆ ಹೋದ ವರ್ಷ ಆ ಅಂಗಡಿಯ ಬಾಗಿಲಿಗೆ ಬರುತ್ತಿದ್ದವರು ಯಾರು? ಇದ್ದ ಬಟ್ಟೆ, ಸಾಮಾನು ಅಡವಿಟ್ಟು ಒಂದಿಷ್ಟು ಕಾಸು ಕೇಳುವ ರೈತರು. ಊರಿಗೆ ಕಷ್ಟ ಬಂದರೆ ತನ್ನ ಮನೆಗೆ ವ್ಯಾಪಾರ ಅನ್ನೋದು ಹುಡುಗನಿಗೆ ಚಿಕ್ಕಂದಿನಲ್ಲೇ ಕಾಣಿಸಿತು. ಅದು ಅವರನ್ನು ಕೊನೇವರೆಗೂ ಬಿಡಲಿಲ್ಲ.

ಐದು ಮಕ್ಕಳಲ್ಲಿ ಕೆಂಜಿಯೇ ದೊಡ್ಡವರು. ಅಂಗಡಿ ನೋಡಿಕೊಳ್ಳಬೇಕಾದ ಈ ಹುಡುಗನಿಗೆ ಹುಚ್ಚು ಇದ್ದದ್ದು ಕಲ್ಲುಗಳ ಮೇಲೆ. ಬೆಟ್ಟ ಹತ್ತೋದು, ಕಲ್ಲು ಒಡೆಯೋದು, ಖನಿಜ ಗುರುತು ಹಿಡಿಯೋದು. ಮನೆಯವರು ಅವರನ್ನು ಕಲ್ಲು ಕೆಂಜಿ ಅಂತಲೇ ಕರೆಯುತ್ತಿದ್ದರು. ಮೊರಿಯೋಕಾದ ಮಿಡ್ಲ್ ಸ್ಕೂಲ್ ಮುಗಿಸಿ, 1915ರಲ್ಲಿ ಅಲ್ಲಿನ ಕೃಷಿ ಮತ್ತು ಅರಣ್ಯ ಕಾಲೇಜಿಗೆ ಮೊದಲ ಸ್ಥಾನದಲ್ಲಿ ಸೇರಿದರು. ಅಲ್ಲಿ ಓದಿದ್ದು ಮಣ್ಣು, ಗೊಬ್ಬರ, ರಸಾಯನಶಾಸ್ತ್ರ, ಭೂವಿಜ್ಞಾನ. 1918ರಲ್ಲಿ ಕೋರ್ಸ್ ಮುಗಿದ ಮೇಲೂ ಸಂಶೋಧನಾ ವಿದ್ಯಾರ್ಥಿಯಾಗಿ ಉಳಿದು, ತಮ್ಮ ಜಿಲ್ಲೆಯ ಮಣ್ಣು ಮತ್ತು ಬಂಡೆಗಳ ಸರ್ವೆ ಮಾಡಿದರು.

ಓಡಿ ಹೋದದ್ದು, ತಿರುಗಿ ಬಂದದ್ದು

ಮನೆಯಲ್ಲಿ ಜಗಳ ಶುರುವಾಗಿದ್ದು ಎರಡು ಕಾರಣಕ್ಕೆ. ಒಂದು, ಅಂಗಡಿ. ಇನ್ನೊಂದು, ಧರ್ಮ. ಮನೆಯವರೆಲ್ಲ ಬೌದ್ಧಧರ್ಮದ ಜೋದೋ ಶಿನ್ ಪಂಥದವರು. ಕೆಂಜಿ ಓದಿದ್ದು ಲೋಟಸ್ ಸೂತ್ರ, ಅಂದ್ರೆ ಸಂಸ್ಕೃತದ ಸದ್ಧರ್ಮಪುಂಡರೀಕ ಸೂತ್ರ. ಆ ಪುಸ್ತಕ ಅವರನ್ನು ಪೂರ್ತಿ ಹಿಡಿದುಕೊಂಡಿತು. ಮಾಂಸ ಬಿಟ್ಟರು. ಅಪ್ಪನೂ ಪಂಥ ಬದಲಿಸಬೇಕು ಅಂತ ಹಠ ಹಿಡಿದರು. ಅಪ್ಪ ಬಗ್ಗಲಿಲ್ಲ, ಮಗನೂ ಬಗ್ಗಲಿಲ್ಲ. 1921ರ ಜನವರಿಯಲ್ಲಿ ಯಾರಿಗೂ ಹೇಳದೆ ಕೆಂಜಿ ಟೋಕಿಯೋ ರೈಲು ಹತ್ತಿದರು.

ಅಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಹತ್ತಿರ ಒಂದು ಸಣ್ಣ ಪ್ರೆಸ್ಸಿನಲ್ಲಿ ಕೆಲಸ. ಲೆಕ್ಚರ್ ನೋಟ್ಸ್‌ಗಳನ್ನು ಸ್ಟೆನ್ಸಿಲ್ ಮೇಲೆ ಬರೆದು ಕೊಡೋದು, ಈಗಿನ ಕಾಲದ ಜೆರಾಕ್ಸ್ ಅಂಗಡಿ ಇದ್ದ ಹಾಗೆ. ಮಿಕ್ಕ ಹೊತ್ತೆಲ್ಲ ಮಕ್ಕಳ ಕಥೆ. ಒಂದೇ ತಿಂಗಳಲ್ಲಿ 3,000 ಹಾಳೆ ಬರೆದರು ಅಂತ ಒಂದು ಮಾತಿದೆ. ಲೆಕ್ಕ ಅಷ್ಟು ಸರಿಯೋ ಇಲ್ಲವೋ, ಆಗಸ್ಟ್‌ನಲ್ಲಿ ಊರಿಗೆ ವಾಪಸ್ ಬಂದಾಗ ಅವರ ಟ್ರಂಕಿನ ತುಂಬ ಹಸ್ತಪ್ರತಿಗಳಿದ್ದವು.

ವಾಪಸ್ ಬಂದದ್ದು ತಂಗಿ ತೋಶಿಗೋಸ್ಕರ. ಕೆಂಜಿಗಿಂತ ಎರಡು ವರ್ಷ ಚಿಕ್ಕವಳು, ಟೋಕಿಯೋದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದಿ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಮನೆಯಲ್ಲಿ ಅಣ್ಣನ ಹುಚ್ಚುಗಳನ್ನೆಲ್ಲ ಅರ್ಥ ಮಾಡಿಕೊಂಡವಳು ಅವಳೇ. ಅವಳಿಗೆ ಕ್ಷಯ. 1922ರ ನವೆಂಬರ್ 27ರಂದು, ಮಳೆಯೂ ಹಿಮವೂ ಬೆರೆತು ಬೀಳುತ್ತಿದ್ದ ದಿನ, 24ನೇ ವಯಸ್ಸಿಗೆ ತೋಶಿ ತೀರಿಕೊಂಡಳು. ಆ ದಿನದ ಬಗ್ಗೆ ಕೆಂಜಿ ಬರೆದ ಕವಿತೆಗಳನ್ನು ಜಪಾನಿನಲ್ಲಿ ಇವತ್ತಿಗೂ ಓದುತ್ತಾರೆ. ಮುಂದಿನ ಬೇಸಿಗೆಯಲ್ಲಿ ಅವರು ರೈಲು, ಹಡಗು ಹತ್ತಿ ಉತ್ತರದ ಸಖಾಲಿನ್ ದ್ವೀಪದವರೆಗೂ ಹೋಗಿ ಬಂದರು. ಹೊರಗಿನ ಕಾರಣ ವಿದ್ಯಾರ್ಥಿಗಳಿಗೆ ಕೆಲಸ ಹುಡುಕೋದು. ಆದರೆ ಆ ಪ್ರಯಾಣದ ಕವಿತೆಗಳ ತುಂಬ ಇರೋದು ಸತ್ತ ತಂಗಿಯನ್ನು ಹುಡುಕುವ ಅಣ್ಣ. ಸತ್ತವರ ಜೊತೆ ಒಂದೇ ಬೋಗಿಯಲ್ಲಿ ಕೂತು ಹೋಗುವ ರೈಲಿನ ಕಥೆ ಎಲ್ಲಿಂದ ಬಂತು ಅಂತ ಇಲ್ಲೇ ಗೊತ್ತಾಗುತ್ತೆ.

ಮೇಷ್ಟ್ರ ನಾಲ್ಕು ವರ್ಷ

1921ರ ಡಿಸೆಂಬರ್‌ನಿಂದ 1926ರ ಮಾರ್ಚ್‌ವರೆಗೆ ಕೆಂಜಿ ಊರಿನ ಕೃಷಿ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಮಣ್ಣು, ಗೊಬ್ಬರ, ರಸಾಯನಶಾಸ್ತ್ರ, ಬೀಜಗಣಿತ, ಇಂಗ್ಲಿಷ್, ಸಿಕ್ಕಿದ್ದೆಲ್ಲ ಪಾಠ ಮಾಡಿದರು. ತಾವೇ ನಾಟಕ ಬರೆದು ಹುಡುಗರಿಂದ ಆಡಿಸಿದರು. ಅವರನ್ನು ಕಿತಕಾಮಿ ನದಿಯ ದಂಡೆಗೆ ಕರೆದುಕೊಂಡು ಹೋಗುತ್ತಿದ್ದರು. ನೀರು ಇಳಿದಾಗ ಅಲ್ಲಿ ಬೆಳ್ಳಗಿನ ಜೇಡಿಕಲ್ಲಿನ ಪದರ ಕಾಣಿಸುತ್ತೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬಿಳಿ ಸುಣ್ಣದ ಬಂಡೆಗಳ ನೆನಪಾಗಿ ಅದಕ್ಕೆ ಇಂಗ್ಲಿಷ್ ಕೋಸ್ಟ್ ಅಂತ ಹೆಸರಿಟ್ಟರು. ಸಮುದ್ರವೇ ಇಲ್ಲದ ಊರಿಗೆ ಒಂದು ಕರಾವಳಿ! ಅಲ್ಲಿ ಲಕ್ಷಾಂತರ ವರ್ಷ ಹಳೆಯ ಅಕ್ರೋಟಿನ ಪಳೆಯುಳಿಕೆಗಳು ಸಿಗುತ್ತಿದ್ದವು. ಆ ಜಾಗವನ್ನು ಇವತ್ತಿಗೂ ಅದೇ ಹೆಸರಿನಿಂದ ಕರೀತಾರೆ.

ನಡೆಯುವಾಗ ಕೆಂಜಿ ನೋಟ್‌ಬುಕ್, ಪೆನ್ಸಿಲ್ ಜೊತೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಕಂಡದ್ದು, ಕೇಳಿದ್ದು, ಆ ಕ್ಷಣ ಮನಸ್ಸಿನಲ್ಲಿ ಬಂದದ್ದು, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು, ಫೀಲ್ಡ್‌ಗೆ ಹೋದ ಭೂವಿಜ್ಞಾನಿ ನೋಟ್ಸ್ ಮಾಡಿದ ಹಾಗೆ. ಅದನ್ನು ಕವಿತೆ ಅನ್ನೋದಕ್ಕೂ ಅವರು ಒಪ್ಪಲಿಲ್ಲ, ಮನಸ್ಸಿನ ಸ್ಕೆಚ್ ಅಂತ ಕರೆದರು. 1924ರ ಏಪ್ರಿಲ್‌ನಲ್ಲಿ ಸ್ವಂತ ಖರ್ಚಿನಿಂದ ಅವನ್ನು ಪುಸ್ತಕ ಮಾಡಿದರು. ಹೆಸರು 'ಹಾರು ತೋ ಶುರಾ', ವಸಂತ ಮತ್ತು ಅಸುರ ಅಂತ ಅರ್ಥ. ಆ ಶುರಾ ಬೇರೆ ಯಾರೂ ಅಲ್ಲ, ನಮ್ಮ ಪುರಾಣದ ಅಸುರನೇ. ಬೌದ್ಧಧರ್ಮದ ಜೊತೆ ಚೀನಾ ದಾಟಿ ಜಪಾನಿಗೆ ಹೋಗಿ ಶುರಾ ಆಗಿದ್ದಾನೆ.

ಅದೇ ವರ್ಷ ಡಿಸೆಂಬರ್‌ನಲ್ಲಿ ಮಕ್ಕಳ ಕಥೆಗಳ ಸಂಕಲನ ಬಂತು. ಅದರ ಹೆಸರಿನ ಕಥೆಯಲ್ಲಿ ಪಟ್ಟಣದ ಇಬ್ಬರು ಶೋಕಿಲಾಲರು ಬಂದೂಕು ಹಿಡಿದು ಕಾಡಿಗೆ ಹೋಗಿ ದಾರಿ ತಪ್ತಾರೆ. ಅಲ್ಲೊಂದು ಹೋಟೆಲ್ ಸಿಗುತ್ತೆ. ಒಳಗೆ ಬಾಗಿಲ ಮೇಲೆ ಬಾಗಿಲು, ಪ್ರತಿ ಬಾಗಿಲಲ್ಲೂ ಒಂದು ಸೂಚನೆ. ತಲೆ ಬಾಚಿ, ಶೂ ಬಿಚ್ಚಿ, ಬಂದೂಕು ಇಡಿ, ಮೈಗೆ ಕ್ರೀಮ್ ಹಚ್ಚಿಕೊಳ್ಳಿ. ದೊಡ್ಡ ಹೋಟೆಲ್ ಇರಬೇಕು ಅಂತ ಅವರು ಎಲ್ಲಾ ಪಾಲಿಸ್ತಾರೆ. ಉಪ್ಪು ಸವರಿಕೊಳ್ಳಿ ಅಂದಾಗ ಮಾತ್ರ ಜ್ಞಾನೋದಯ ಆಗುತ್ತೆ: ಊಟ ಮಾಡೋಕೆ ಬಂದವರೇ ಊಟ. ನಕ್ಕು ಮುಗಿಸೋ ಹೊತ್ತಿಗೆ, ಬೇಟೆ ಅನ್ನೋದು ಪ್ರಾಣಿಯ ಕಡೆಯಿಂದ ಹೇಗೆ ಕಾಣುತ್ತೆ ಅಂತ ನಮಗೆ ತಟ್ಟಿರುತ್ತೆ.

ಎರಡೂ ಪುಸ್ತಕ 1,000 ಪ್ರತಿ ಅಚ್ಚಾದವು, ಎರಡೂ ಮಾರಾಟ ಆಗಲಿಲ್ಲ. ಪ್ರಕಾಶಕರಿಗೆ ನಷ್ಟ ಆಗಬಾರದು ಅಂತ ಕೆಂಜಿಯೇ ಅಪ್ಪನ ಹತ್ತಿರ ಸಾಲ ಮಾಡಿ ಕಥಾಸಂಕಲನದ 200 ಪ್ರತಿ ಕೊಂಡುಕೊಂಡರು. ಮುಂದೆ ಅವರು ಬದುಕಿರುವವರೆಗೆ ಮತ್ತೊಂದು ಪುಸ್ತಕ ಬರಲಿಲ್ಲ.

ಕೆಲಸ ಬಿಟ್ಟ ಮೇಲೆ

ತಿಂಗಳ ಸಂಬಳ ತಗೊಂಡು, ರೈತರ ಮಕ್ಕಳಿಗೆ ಒಳ್ಳೆ ರೈತರಾಗಿ ಅಂತ ಪಾಠ ಮಾಡೋದು ಕೆಂಜಿಗೆ ಕಸಿವಿಸಿ ಆಗತೊಡಗಿತು. 1926ರಲ್ಲಿ ರಾಜೀನಾಮೆ ಕೊಟ್ಟರು. ಊರ ಹೊರಗೆ ಮನೆಯವರ ಇನ್ನೊಂದು ಮನೆಯಿತ್ತು, ಅಲ್ಲಿ ಒಬ್ಬರೇ ಇದ್ದುಕೊಂಡು ನದಿ ಪಕ್ಕದ ಜಮೀನು ಅಗೆದರು. ಚೈನೀಸ್ ಕ್ಯಾಬೇಜ್, ಟೊಮೇಟೊ, ಹೂವು ಬೆಳೆದರು. ರಸು ಸಂಘ ಅಂತ ಒಂದು ಗುಂಪು ಕಟ್ಟಿ, ಸಂಜೆ ಹೊತ್ತು ಯುವ ರೈತರಿಗೆ ಮಣ್ಣಿನ ರಸಾಯನಶಾಸ್ತ್ರ, ಗಿಡದ ಶರೀರಶಾಸ್ತ್ರ ಹೇಳಿಕೊಟ್ಟರು. ಬೀಥೋವನ್ ರೆಕಾರ್ಡ್ ಕೇಳಿಸಿದರು. ಎಸ್ಪೆರಾಂಟೊ ಕಲಿತರು. ಟೋಕಿಯೋಗೆ ಹೋಗಿ 3 ದಿನ ಚೆಲ್ಲೋ ಪಾಠ ಹೇಳಿಸಿಕೊಂಡು ಬಂದರು. ಚೆನ್ನಾಗಿ ನುಡಿಸೋಕೆ ಮಾತ್ರ ಕೊನೆಗೂ ಬರಲಿಲ್ಲವಂತೆ. 'ಗೋಶ್ ಎಂಬ ಚೆಲ್ಲೋ ವಾದಕ' ಕಥೆಯಲ್ಲಿ, ಆರ್ಕೆಸ್ಟ್ರಾದಲ್ಲೇ ಕೆಟ್ಟದಾಗಿ ನುಡಿಸುವ ಹುಡುಗನಿಗೆ ರಾತ್ರಿ ಬಂದು ಪಾಠ ಕಲಿಸೋದು ಬೆಕ್ಕು, ಕೋಗಿಲೆ, ಇಲಿ. ಈ ಕಥೆಯನ್ನು ಇಸಾವೋ ತಕಹಾತ 1982ರಲ್ಲಿ ಅನಿಮೇಷನ್ ಸಿನಿಮಾ ಮಾಡಿದರು.

ಈ ವರ್ಷಗಳಲ್ಲಿ ಅವರು ಮಾಡಿದ ದೊಡ್ಡ ಕೆಲಸ ಗೊಬ್ಬರದ ಲೆಕ್ಕ. ರೈತರು ಬಂದು ಕೂತರೆ ಜಮೀನು ಎಲ್ಲಿದೆ, ಮಣ್ಣು ಎಂಥದ್ದು, ನೀರು ಎಷ್ಟು, ಹೋದ ವರ್ಷ ಏನು ಬೆಳೆದಿರಿ ಅಂತ ಎಲ್ಲಾ ಕೇಳಿ, ಆ ಗದ್ದೆಗೆ ಮಾತ್ರ ಹೊಂದುವ ಹಾಗೆ ಸಾರಜನಕ, ರಂಜಕ, ಪೊಟ್ಯಾಶ್ ಎಷ್ಟೆಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಕೊಡುತ್ತಿದ್ದರು. ಇಂಥ ಹಾಳೆಗಳು ಸುಮಾರು 2,000 ಅಂತ ಹೇಳ್ತಾರೆ. ಒಂದು ಪೈಸೆ ತಗೊಳ್ಳುತ್ತಿರಲಿಲ್ಲ.

ಆದರೆ ಇದನ್ನು ಸಿನಿಮಾ ಥರ ನೋಡಬೇಡಿ. ಸುಮಾರು ಜನ ರೈತರಿಗೆ ಅವರು ಶೋಕಿಗೆ ಬೇಸಾಯ ಮಾಡುವ ಸಾಹುಕಾರರ ಮಗ. ಪೊಲೀಸರಿಗೆ ಇದು ಸಮಾಜವಾದಿಗಳ ಗುಂಪೋ ಏನೋ ಅನ್ನೋ ಅನುಮಾನ. ಸಂಘ ಒಂದು ವರ್ಷ ಆಗೋದರೊಳಗೆ ತಣ್ಣಗಾಯಿತು. ಲೆಕ್ಕ ಎಷ್ಟೇ ಸರಿ ಇದ್ದರೂ ಹವಾಮಾನ ಕೈಕೊಟ್ಟರೆ ಬೆಳೆ ಮಲಗುತ್ತಿತ್ತು. 1928ರ ಬೇಸಿಗೆಯಲ್ಲಿ ಗದ್ದೆ ಗದ್ದೆ ತಿರುಗಿ ಪೈರು ನೋಡುತ್ತಾ ದಣಿದ ಕೆಂಜಿ ಆಗಸ್ಟ್‌ನಲ್ಲಿ ಹಾಸಿಗೆ ಹಿಡಿದರು. ಶ್ವಾಸಕೋಶದ ಕಾಯಿಲೆ. ತಾವು ಬಿಟ್ಟು ಬಂದಿದ್ದ ಅಪ್ಪನ ಮನೆಗೇ ಮತ್ತೆ ಹೋಗಬೇಕಾಯಿತು.

ಸ್ವಲ್ಪ ಚೇತರಿಸಿಕೊಂಡ ಮೇಲೆ 1931ರಲ್ಲಿ ಒಂದು ಕಲ್ಲುಪುಡಿ ಕಾರ್ಖಾನೆಗೆ ಎಂಜಿನಿಯರ್ ಆಗಿ ಸೇರಿದರು. ಇವಾಟೆಯದ್ದು ಹೆಚ್ಚಾಗಿ ಜ್ವಾಲಾಮುಖಿ ಬೂದಿಯ ಮಣ್ಣು, ಆಮ್ಲೀಯ. ಹುಳಿ ಮಣ್ಣಿನಲ್ಲಿ ರಂಜಕ ಇದ್ದರೂ ಗಿಡಕ್ಕೆ ಸಿಗೋದಿಲ್ಲ. ಸುಣ್ಣಕಲ್ಲಿನ ಪುಡಿ, ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹಾಕಿದರೆ ಆ ಹುಳಿ ಇಳಿಯುತ್ತೆ. ನಾವು ಮೊದಲ ವರ್ಷ ಲ್ಯಾಬಿನಲ್ಲಿ ಮಾಡಿದ ನ್ಯೂಟ್ರಲೈಸೇಶನ್ನೇ, ಆದರೆ ಬೀಕರಿನ ಬದಲು ಇಡೀ ಗದ್ದೆ. ಕಾರ್ಖಾನೆಗೆ ಬೇಕಿದ್ದದ್ದು ಎಂಜಿನಿಯರ್‌ಗಿಂತ ಹೆಚ್ಚಾಗಿ ಸೇಲ್ಸ್‌ಮ್ಯಾನ್. ಅದನ್ನೂ ಮಾಡಿದರು. ಸೆಪ್ಟೆಂಬರ್‌ನಲ್ಲಿ ಸುಮಾರು 40 ಕಿಲೋ ಸ್ಯಾಂಪಲ್ ಹೊತ್ತು ಟೋಕಿಯೋಗೆ ಹೋದವರು ಅಲ್ಲೇ ಜ್ವರದಿಂದ ಕುಸಿದರು. ಅಪ್ಪ ಅಮ್ಮನಿಗೆ ಕೊನೆಯ ಪತ್ರ ಬರೆದಿಟ್ಟರು. ಹೇಗೋ ಊರಿಗೆ ಮರಳಿದರು, ಆದರೆ ಮತ್ತೆ ಪೂರ್ತಿ ಎದ್ದು ಓಡಾಡಲಿಲ್ಲ.

ಎಂಜಿನಿಯರ್ ಬುದೋರಿ

ಹಾಸಿಗೆಯಲ್ಲಿದ್ದಾಗ 1932ರಲ್ಲಿ ಅಚ್ಚಾದ ಕಥೆ 'ಗುಸ್ಕೋ ಬುದೋರಿಯ ಜೀವನ'. ನಮ್ಮ ಕಾಲೇಜಿನವರು ಒಂದೇ ಕಥೆ ಓದುವುದಾದರೆ ಇದನ್ನು ಓದಿ ಅಂತೀನಿ. ಚಳಿಯ ಬೇಸಿಗೆಯಿಂದ ಬರ ಬಂದು ಬುದೋರಿ ಅನ್ನೋ ಹುಡುಗ ಅಪ್ಪ ಅಮ್ಮನನ್ನು ಕಳೆದುಕೊಳ್ತಾನೆ, ತಂಗಿಯನ್ನು ಯಾರೋ ಎತ್ತಿಕೊಂಡು ಹೋಗ್ತಾರೆ. ಗದ್ದೆ ಕೆಲಸ ಮಾಡಿ, ಸಿಕ್ಕ ಪುಸ್ತಕ ಓದಿ, ಕೊನೆಗೆ ಜ್ವಾಲಾಮುಖಿ ಇಲಾಖೆಯಲ್ಲಿ ಎಂಜಿನಿಯರ್ ಆಗ್ತಾನೆ. ಆ ಇಲಾಖೆಯವರು ಜ್ವಾಲಾಮುಖಿಗಳ ಒತ್ತಡವನ್ನು ಅಳೆಯುತ್ತಾರೆ, ಸ್ಫೋಟದ ದಿಕ್ಕು ತಿರುಗಿಸ್ತಾರೆ. ಕರಾವಳಿಯ ಉದ್ದಕ್ಕೂ 200 ಉಬ್ಬರವಿಳಿತದ ವಿದ್ಯುತ್ ಕೇಂದ್ರ ಕಟ್ತಾರೆ. ಮೋಡದಿಂದ ಮಳೆಯ ಜೊತೆ ಸಾರಜನಕ ಗೊಬ್ಬರವನ್ನೂ ಸುರಿಸ್ತಾರೆ. ಒಂದು ಊರಿನಲ್ಲಿ ಬೆಳೆ ಬಿದ್ದುಹೋದಾಗ ಅಲ್ಲಿನ ರೈತರು ಬುದೋರಿಯನ್ನೇ ಹಿಡಿದು ಹೊಡೀತಾರೆ. ಗೊಬ್ಬರದ ಲೆಕ್ಕ ಬರೆದು ಕೊಟ್ಟ ಮನುಷ್ಯನಿಗೆ ಆ ಭಯ ಗೊತ್ತಿಲ್ಲದೆ ಇರುತ್ತಾ?

ಬುದೋರಿಗೆ 27 ವರ್ಷ ಆದಾಗ ಮತ್ತೆ ಚಳಿಯ ಬೇಸಿಗೆ ಬರುವ ಸೂಚನೆ. ಒಂದು ದ್ವೀಪದ ಜ್ವಾಲಾಮುಖಿ ಸಿಡಿದರೆ ಹೊರಬರುವ ಕಾರ್ಬನ್ ಡೈಆಕ್ಸೈಡ್ ಭೂಮಿಯನ್ನು ಸರಾಸರಿ 5 ಡಿಗ್ರಿ ಬಿಸಿ ಮಾಡುತ್ತೆ ಅಂತ ಪ್ರೊಫೆಸರ್ ಲೆಕ್ಕ ಹಾಕ್ತಾರೆ. ಆದರೆ ಸಿಡಿಸೋಕೆ ಒಬ್ಬರು ಅಲ್ಲೇ ಉಳಿಯಬೇಕು. ಬುದೋರಿ ಉಳೀತಾನೆ. ಆ ವರ್ಷ ಬೆಳೆ ಬರುತ್ತೆ.

ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಭೂಮಿ ಎಷ್ಟು ಬಿಸಿಯಾಗುತ್ತೆ ಅನ್ನೋ ಮೊದಲ ದೊಡ್ಡ ಲೆಕ್ಕವನ್ನು ಸ್ವೀಡನ್ನಿನ ಅರ್ಹೇನಿಯಸ್ ಪ್ರಕಟಿಸಿದ್ದು 1896ರಲ್ಲಿ, ಕೆಂಜಿ ಹುಟ್ಟಿದ ವರ್ಷವೇ. 1932ರಲ್ಲಿ ಅದನ್ನು ಮಕ್ಕಳ ಕಥೆಯೊಳಗೆ ತಂದದ್ದು ಸಣ್ಣ ವಿಷಯ ಅಲ್ಲ. ಹಾಗಂತ ವಿಜ್ಞಾನ ಪೂರ್ತಿ ಸರಿಯಿಲ್ಲ. ದೊಡ್ಡ ಸ್ಫೋಟ ಆದರೆ ಗಂಧಕದ ಕಣಗಳು ಮೇಲೇರಿ ಬಿಸಿಲು ತಡೆದು ಭೂಮಿ ತಂಪಾಗುತ್ತೆ. 1815ರಲ್ಲಿ ತಂಬೋರಾ ಸಿಡಿದ ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಅವತ್ತು ಪರಿಹಾರವಾಗಿ ಕಂಡ ಅನಿಲ ಇವತ್ತು ನಮ್ಮ ಸಮಸ್ಯೆ.

ನನಗೆ ಈ ಕಥೆಯ ಜೊತೆ ಇನ್ನೂ ಒಂದು ತಕರಾರಿದೆ. ಒಳ್ಳೆ ಎಂಜಿನಿಯರ್ ಸಾಯಲೇಬೇಕಾ? ಒಬ್ಬ ಸತ್ತರೇ ನಡೆಯುವ ಡಿಸೈನ್ ಒಳ್ಳೆ ಡಿಸೈನ್ ಅಲ್ಲ ಅಂತ ನಮಗೆ ಯಾರಾದರೂ ಹೇಳ್ತಾರೆ. ಆದರೆ ಯಾರೂ ಕೇಳದ ಹಾಳೆಗಳನ್ನು ಬರೆದು, ದೇಹ ಕೈಕೊಟ್ಟು ಮಲಗಿದ್ದ ಒಬ್ಬ ಮನುಷ್ಯ, ತನ್ನ ಕೆಲಸ ಒಂದೇ ಒಂದು ಸಲವಾದರೂ ಪೂರ್ತಿ ಫಲ ಕೊಡಲಿ ಅಂತ ಆಸೆಪಟ್ಟು ಬರೆದದ್ದು ಅಂದುಕೊಂಡು ಓದಿದರೆ ಆ ತಕರಾರು ಸ್ವಲ್ಪ ಮೆತ್ತಗಾಗುತ್ತೆ.

ಬೆಳ್ಳಿ ಹೊಳೆಯ ರೈಲು

ಇನ್ನು ಆ ರೈಲಿನ ಕಥೆ. 'ಗಿಂಗಾ ತೆತ್ಸುದೋ ನೋ ಯೋರು', ಅಂದ್ರೆ ಆಕಾಶಗಂಗೆಯ ರೈಲಿನ ರಾತ್ರಿ. ಗಿಂಗಾ ಅಂದರೆ ಬೆಳ್ಳಿ ಹೊಳೆ. ನಮಗೆ ಅದು ಗಂಗೆ, ಅವರಿಗೂ ಅದು ಹೊಳೆಯೇ. ಸುಮಾರು 1924ರಿಂದ ಕೊನೆಯವರೆಗೂ ನಾಲ್ಕು ಸಲ ತಿದ್ದಿ ಬರೆದರೂ ಕೆಂಜಿ ಇದನ್ನು ಮುಗಿಸಲಿಲ್ಲ.

ಜೊವಾನ್ನಿ ಬಡ ಹುಡುಗ. ಅಪ್ಪ ದೂರದಲ್ಲಿ, ಅಮ್ಮನಿಗೆ ಕಾಯಿಲೆ, ಶಾಲೆ ಮುಗಿದ ಮೇಲೆ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಹೆಕ್ಕುವ ಕೆಲಸ. ಹಬ್ಬದ ರಾತ್ರಿ ಗುಡ್ಡದ ಮೇಲೆ ಒಬ್ಬನೇ ಮಲಗಿದ್ದವನು ನೋಡಿದರೆ ಒಂದು ರೈಲಿನೊಳಗೆ ಕೂತಿದ್ದಾನೆ. ಎದುರಿಗೆ ಗೆಳೆಯ ಕಂಪನೆಲ್ಲಾ, ಅವನ ಕೋಟು ಒದ್ದೆಯಾದ ಹಾಗಿದೆ. ದಾರಿಯಲ್ಲಿ ಒಂದು ದಂಡೆ, ಅಲ್ಲಿ ವಿದ್ವಾಂಸರೊಬ್ಬರು ಹಳೇ ಅಕ್ರೋಟು, ಮೂಳೆ ಅಗೆಯುತ್ತಿದ್ದಾರೆ. ಅದು ಕೆಂಜಿಯ ಇಂಗ್ಲಿಷ್ ಕೋಸ್ಟೇ. ಹಿಮಗಡ್ಡೆಗೆ ಬಡಿದು ಮುಳುಗಿದ ಹಡಗಿನ ಮಕ್ಕಳು ಹತ್ತುತ್ತಾರೆ, ದಕ್ಷಿಣದ ಶಿಲುಬೆ ನಕ್ಷತ್ರದಲ್ಲಿ ಇಳೀತಾರೆ. ಎಲ್ಲಿವರೆಗಾದರೂ ಜೊತೆಗೇ ಹೋಗೋಣ ಅಂತ ಜೊವಾನ್ನಿ ತಿರುಗಿ ನೋಡಿದರೆ ಗೆಳೆಯನ ಸೀಟು ಖಾಲಿ. ಎಚ್ಚರವಾಗಿ ಊರಿಗೆ ಇಳಿದು ಬಂದಾಗ ಗೊತ್ತಾಗುತ್ತೆ, ನದಿಗೆ ಬಿದ್ದ ಸಹಪಾಠಿಯನ್ನು ಉಳಿಸೋಕೆ ಹಾರಿದ ಕಂಪನೆಲ್ಲಾ ಮೇಲೆ ಬಂದೇ ಇಲ್ಲ. ಜೊವಾನ್ನಿ ಅಮ್ಮನಿಗೆ ಹಾಲು ತಗೊಂಡು ಮನೆಗೆ ಓಡ್ತಾನೆ. ಅಷ್ಟೇ ಕಥೆ. ಸತ್ತವರ ಜೊತೆ ಎಷ್ಟು ದೂರ ಹೋದರೂ ಹಾಲಿನ ಬಾಟಲಿ ಹಿಡಿದು ಮನೆಗೆ ಬರಲೇಬೇಕು.

ಕೊನೆಯ ರಾತ್ರಿ, ಆಮೇಲೆ

1933ರ ಸೆಪ್ಟೆಂಬರ್ 20. ಕೆಂಜಿಗೆ ನ್ಯುಮೋನಿಯಾ ಜೋರಾಗಿತ್ತು. ಸಂಜೆ ಒಬ್ಬ ರೈತ ಬಂದು ಗೊಬ್ಬರದ ವಿಷಯ ಕೇಳಬೇಕಿತ್ತು ಅಂದರು. ಮನೆಯವರು ತಡೆಯಬಹುದಿತ್ತು, ಆದರೆ ಕೆಂಜಿ ಬಟ್ಟೆ ಬದಲಿಸಿಕೊಂಡು ಕೆಳಗೆ ಬಂದು, ನೆಟ್ಟಗೆ ಕೂತು, ಸುಮಾರು ಒಂದು ಗಂಟೆ ಆ ಮಾತೆಲ್ಲ ಕೇಳಿ ಉತ್ತರ ಕೊಟ್ಟರು. ಮರುದಿನ ಮಧ್ಯಾಹ್ನ ಲೋಟಸ್ ಸೂತ್ರದ 1,000 ಪ್ರತಿ ಅಚ್ಚು ಹಾಕಿಸಿ ಹಂಚಿ ಅಂತ ಅಪ್ಪನಿಗೆ ಹೇಳಿ, ಒಂದೂವರೆಗೆ ತೀರಿಕೊಂಡರು. ಇಷ್ಟು ವರ್ಷ ಜಗಳ ಆಡಿದ ಅಪ್ಪ ಆ ಮಾತು ನಡೆಸಿಕೊಟ್ಟರು.

ಹಸ್ತಪ್ರತಿಗಳೆಲ್ಲ ತಮ್ಮ ಸೇರೋಕುವಿನ ಪಾಲಿಗೆ ಬಂದವು. 1934ರಲ್ಲಿ ಟೋಕಿಯೋದಲ್ಲಿ ಗೆಳೆಯರು ಸೇರಿದ್ದಾಗ, ಟ್ರಂಕಿನ ಜೇಬಿನಲ್ಲಿ ಒಂದು ಕಪ್ಪು ನೋಟ್‌ಬುಕ್ ಸಿಕ್ಕಿತು. ಅದರೊಳಗೆ 1931ರ ನವೆಂಬರ್ 3ರಂದು, ಕಾಯಿಲೆ ಹಾಸಿಗೆಯಲ್ಲಿ, ತಾನು ಎಂಥ ಮನುಷ್ಯ ಆಗಬೇಕು ಅಂತ ಬರೆದುಕೊಂಡ ಕೆಲವು ಸಾಲುಗಳು. ಯಾರಿಗೂ ತೋರಿಸೋಕೆ ಬರೆದದ್ದಲ್ಲ. ಅದೇ 'ಅಮೆ ನಿ ಮೋ ಮಕೆಝು', ಇವತ್ತು ಜಪಾನಿನಲ್ಲಿ ಎಲ್ಲರಿಗೂ ಗೊತ್ತಿರುವ ಕವಿತೆ. 2011ರ ಸುನಾಮಿ ಮತ್ತೆ ಇವಾಟೆ ಕರಾವಳಿಯನ್ನು ಕೊಚ್ಚಿದಾಗ ಜನ ಧೈರ್ಯಕ್ಕೆ ಓದಿಕೊಂಡದ್ದು ಇದನ್ನೇ.

1934ರಲ್ಲೇ ಕವಿಗಳಾದ ಶಿಂಪೇಯ್ ಕುಸಾನೋ, ಕೋತಾರೋ ತಕಾಮುರಾ ಮತ್ತಿತರರು ಸೇರಿ ಕೆಂಜಿಯ ಸಮಗ್ರ ಕೃತಿಗಳನ್ನು ಹೊರತರಲು ಶುರುಮಾಡಿದರು. 1945ರ ಆಗಸ್ಟ್ 10ರಂದು ಹನಮಾಕಿ ಮೇಲೆ ಬಾಂಬ್ ಬಿದ್ದು ಮನೆ ಸುಟ್ಟಾಗಲೂ ಸೇರೋಕು ಹಸ್ತಪ್ರತಿಗಳನ್ನು ಉಳಿಸಿಕೊಂಡರು. ಕೆಂಜಿ ನೋಡುತ್ತಿದ್ದ ಸಣ್ಣ ರೈಲಿನ ದಾರಿ ಈಗಿನ ಕಮಾಯಿಶಿ ಲೈನ್. ಅದರ ಮೇಲೆ 2014ರಿಂದ 2023ರವರೆಗೆ ಗಿಂಗಾ ಅನ್ನೋ ಹೆಸರಿನ ಹಬೆ ರೈಲು ಓಡಿತು.

ಪ್ಲೇಸ್‌ಮೆಂಟ್ ಲೆಕ್ಕದಲ್ಲಿ ನೋಡಿದರೆ ಕೆಂಜಿ ಮಿಯಾಜಾವಾ ಅವರದ್ದು ಕೈಗೂಡದ ಬದುಕು. ಮಾರಾಟವಾಗದ ಎರಡು ಪುಸ್ತಕ, ನಿಂತುಹೋದ ಒಂದು ಸಂಘ, ಅರ್ಧಕ್ಕೆ ಬಿಟ್ಟ ಒಂದು ಸೇಲ್ಸ್ ಕೆಲಸ, ಮುಗಿಯದ ಒಂದು ಕಾದಂಬರಿ. ಆದರೆ ಆ ಕೊನೆಯ ಸಂಜೆ ಬಂದ ರೈತ ಗೊಬ್ಬರದ ಲೆಕ್ಕ ತಿಳಿದುಕೊಂಡೇ ಮನೆಗೆ ಹೋದರು. ಅವರ ಕಥೆಗಳು ಇಂಗ್ಲಿಷ್ ಅನುವಾದದಲ್ಲಿ ಸಿಗುತ್ತವೆ, 1985ರ ಅನಿಮೇಷನ್ ಸಿನಿಮಾದಲ್ಲಿ ಜೊವಾನ್ನಿ, ಕಂಪನೆಲ್ಲಾ ಇಬ್ಬರೂ ಬೆಕ್ಕುಗಳಾಗಿದ್ದಾರೆ. ಈ ಸೆಮಿಸ್ಟರ್ ರಜೆಯಲ್ಲಿ ಒಂದು ರಾತ್ರಿ ಅದಕ್ಕೆ ಇಟ್ಟುಕೊಳ್ಳಿ. ಬುದೋರಿಯ ಕಥೆಯನ್ನು ನಮ್ಮಲ್ಲೇ ಯಾರಾದರೂ ಕನ್ನಡಕ್ಕೆ ತಂದರೆ ಇನ್ನೂ ಖುಷಿ.